ಸತ್ತವರಿಗೆ ಮಾತ್ರ ಪುಸ್ತಕ

ವರ್ಲಿನ್ ಟೋಲ್ಜ್‌ಮನ್ನನ ಊಟದ ಮೇಜಿನ ಮೇಲೆ ಊಟ ನಡೆದು ವರ್ಷಗಳಾಗಿದ್ದವು. ಅಲ್ಲೀಗ ಕತೆಯಾಟದ, ಅಂದರೆ ಒಬ್ಬ ಕತೆ ನಡೆಸುತ್ತ ಉಳಿದವರು ಒಂದೊಂದು ಪಾತ್ರವಾಗಿ ಆಡುವ ಆಟದ, ನಿಯಮ ಪುಸ್ತಕಗಳ ರಾಶಿ. ನಿಯಮ ಕಡಿಮೆಯಿದ್ದಷ್ಟೂ ಆಟ ಚೆಂದ ಎನ್ನುವ ಹಳೇ ಕಾಲದವನು ಅವನು. ನಾಲ್ಕು ಹಾಳೆ ಮಡಚಿ ಪಿನ್ನು ಹೊಡೆದಂಥವೇ ಬೇಕು.

“ತೆಳ್ಳಗಿವೆ ಕಣೆ, ಜಾಗ ತಿನ್ನಲ್ಲ,” ಎನ್ನುತ್ತಿದ್ದ ಹೆಂಡತಿಗೆ.

“ಇರುವೇನೂ ತೆಳ್ಳಗೇ ಇರುತ್ತೆ. ಸಕ್ಕರೆ ಡಬ್ಬಿಗೆ ಒಂದೇ ಬರುತ್ತಾ?” ಎನ್ನುತ್ತಿದ್ದಳು ಮಾರ್ಸಿ.

ಅವನಿಗೆ ದಕ್ಕದೆ ಉಳಿದದ್ದು ಒಂದೇ ಒಂದು: ‘ಮೊಣಕಾಲುದ್ದ ಕತ್ತಲೆ’. ಅದನ್ನು ಬರೆದು ಅಚ್ಚು ಹಾಕಿಸಿದ ಓರಿನ್ ಸ್ಕಾರ್‌ನದು ಕೆರೆ ದಂಡೆಯಲ್ಲಿ ಗಾಳ, ಎರೆಹುಳು ಮಾರುವ ಅಂಗಡಿ. ಹುಳು ಮಾರುತ್ತಿದ್ದ, ಪುಸ್ತಕ ಮಾರುತ್ತಿರಲಿಲ್ಲ. ಶನಿವಾರ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೇ ನಡೆಸುವ ಆಟದಲ್ಲಿ ಯಾರ ಪಾತ್ರ ಸಾಯುತ್ತದೋ ಅವರಿಗೊಂದು ಪ್ರತಿ. ತಿಥಿಯ ವಡೆಯ ಹಾಗೆ, ಯಾರಾದರೂ ಸತ್ತರೇ ಸಿಗುವುದು.

ಪುಸ್ತಕ ಕೂಡಿಡುವುದಲ್ಲದೆ ಒಮ್ಮೆಯೂ ಆಡದ ವರ್ಲಿನ್ ಕೊನೆಗೂ ಆಡಲು ಕೂತ. ಎಲ್ಲ ಬಾಯಿಮಾತಿನ ಆಟ. ಮಾತಿನಲ್ಲಿ ತೀರದ್ದನ್ನು ದಾಳ ತೀರಿಸುತ್ತದೆ. ಬೇಗ ಸಾಯಲೆಂದೇ ಅವನು ಕಟ್ಟಿಕೊಂಡ ಪಾತ್ರ ಪಿಪ್ಕಿನ್, ಟರ್ನಿಪ್ ಗೆಡ್ಡೆ ಮಾರುವ ಬಡಕಲ.

ಮೊದಲ ವಾರವೇ ಪಿಪ್ಕಿನ್‌ನನ್ನು ಹಳ್ಳಕ್ಕೆ ಹಾರಿಸಲು ಹೋದ.

“ಬೇಕಂತ ಸತ್ತರೆ ಪುಸ್ತಕ ಇಲ್ಲ ತಮ್ಮಾ,” ಎಂದ ಓರಿನ್.

ಸರಿ, ಎದುರಾದ ರಕ್ಕಸನಿಗೆ, “ನಿಮ್ಮಮ್ಮನ ಮೂಗು ನಿನಗಿಂತ ಉದ್ದ ಕಣೋ!” ಎಂದು ಬೈದ. ರಕ್ಕಸನ ಮನಸ್ಸು ಹೇಗಿದೆಯೆಂದು ನೋಡಲು ಓರಿನ್ ಎರಡು ದಾಳ ಉರುಳಿಸಿದ. ಎರಡೂ ಆರು.

“ಅಮ್ಮನ ನೆನಪಾಗಿ ಅಳ್ತಾ ಇದೆ. ಇನ್ನು ನಿನ್ನ ಜೊತೆನೇ ಇರುತ್ತಂತೆ.”

ಜೊತೆಗೆ ಆಡುತ್ತಿದ್ದ, ಶಾಲೆ ಬಸ್ಸು ಓಡಿಸಿ ನಿವೃತ್ತಳಾದ ವಾಂಡಾ ಪ್ರುಸ್ಕಿ ನಗುತ್ತ ಬಿಯರ್ ಚೆಲ್ಲಿಕೊಂಡಳು. ಚಳಿಗಾಲವೆಲ್ಲ ಹೀಗೇ ಆಯಿತು. ವಿಷ ಕುಡಿದರೆ ಪಿಪ್ಕಿನ್‌ನ ಹಲ್ಲುನೋವು ವಾಸಿಯಾಯಿತು.

ಕೆರೆಯ ಮಂಜುಗಡ್ಡೆ ಬಿರಿಯುತ್ತಿದ್ದ ಒಂದು ಮಧ್ಯಾಹ್ನ, ಆಟದಲ್ಲಿ ಸುರಂಗ ಕುಸಿಯತೊಡಗಿತು. ವಾಂಡಾಳ ಪಾತ್ರದ ಕಾಲು ಬಂಡೆಯಡಿ ಸಿಕ್ಕಿಕೊಂಡಿತು.

“ನೀನು ಓಡಿ ಹೋಗಬಹುದು,” ಎಂದ ಓರಿನ್.

“ಅವಳನ್ನ ಬಿಟ್ಟಾ? ಚಾವಣಿಗೆ ಹೆಗಲು ಕೊಡ್ತೀನಿ!” ವರ್ಲಿನ್‌ನ ಬಾಯಿ ತಪ್ಪಿ ಬಂದ ಮಾತು. ಪುಸ್ತಕದ ನೆನಪೇ ಇರಲಿಲ್ಲ.

ಓರಿನ್ ಡ್ರಾಯರಿನಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದಿಟ್ಟ. “ಇದೇ ಕೊನೇ ಪ್ರತಿ, ಮತ್ತೆ ಅಚ್ಚು ಹಾಕಿಸಲ್ಲ. ಆರು ಬಿದ್ದರೆ ಪಿಪ್ಕಿನ್ ಬದುಕ್ತಾನೆ. ಬೇರೆ ಏನು ಬಿದ್ದರೂ ಇದು ನಿಂದು.”

ವರ್ಲಿನ್ ದಾಳ ಎತ್ತಿದ. ಕೆಳಗಿಟ್ಟ.

“ತಡಿ. ಗೆಡ್ಡೆ ಮೂಟೆ ಇದೆಯಲ್ಲ? ಕಲ್ಲಿನ ಸಂದಿಗೆ ತುರುಕ್ತೀನಿ.”

“ಹ್ಞೂಂ. ಐದು ಬಿದ್ದರೂ ಬದುಕು.”

“ರಕ್ಕಸ ಎಲ್ಲಿ ಹೋಯ್ತು? ಅದರ ಬೆನ್ನು ಯಾವಾಗ ಉಪಯೋಗಕ್ಕೆ ಬರೋದು ಮಾರಾಯ?”

“ನಾಲ್ಕು ಬಿದ್ದರೂ ಬದುಕು,” ಎಂದ ಓರಿನ್. “ಅಲ್ಲಯ್ಯಾ, ನಿನಗೆ ಪುಸ್ತಕ ಬೇಕೋ ಬೇಡವೋ?”

“ಬೇಕು!” ಎಂದು ಗದರಿಸಿ ವರ್ಲಿನ್ ದಾಳಕ್ಕೆ ಉಸಿರು ಊದಿದ. ಬಾಯಲ್ಲಿ, “ದೇವರೇ, ನಾಲ್ಕು, ನಾಲ್ಕು.”

ನಾಲ್ಕು ಬಿತ್ತು.

ವಾಂಡಾ ಅವನನ್ನು ಎತ್ತಿಯೇ ಬಿಟ್ಟಳು. ಹುಳು ಕೊಳ್ಳಲು ಬಂದ ಗಿರಾಕಿ ಹೆದರಿ ಆಚೆ ಹೋದ. ಗದ್ದಲ ಇಳಿದಾಗ ಓರಿನ್ ಪುಸ್ತಕವನ್ನು ಡ್ರಾಯರಿಗೆ ಸೇರಿಸುತ್ತಿದ್ದ. ವರ್ಲಿನ್‌ನ ಕಣ್ಣು ಅದರ ಹಿಂದೆಯೇ ಹೋಯಿತು. ಹಾಲಿನ ಬಟ್ಟಲು ಕಳೆದುಕೊಂಡ ಬೆಕ್ಕಿನಂತಿತ್ತು ಮುಖ. ತಟ್ಟೆಯಲ್ಲಿದ್ದ ಕರಿದ ಚೀಸಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದ.

“ಸುರಂಗದ ಆಚೆ ಏನಿದೆ?” ಎಂದ ಕೊನೆಗೆ.

“ಬಾಗಿಲು. ಮುಚ್ಚಿದೆ.”

“ಹಾಗಿದ್ರೆ ಮೊದಲು ಕಿವಿಗೊಟ್ಟು ಕೇಳ್ತೀನಿ,” ಎಂದು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. “ಎಲ್ಲರೂ ಸುಮ್ನಿರ್ರಪ್ಪಾ. ಪಿಪ್ಕಿನ್‌ಗೆ ಏನಾದ್ರೂ ಆದರೆ ನಾನು ಸುಮ್ನಿರಲ್ಲ.”