ಪೋಷಕರ ಸಹಿ

ಅಂಗಳದಲ್ಲಿ ಆಳು ಶೀನ ಚಿತೆಗೆಂದು ಕಡಿದ ಮಾವಿನ ಮರದ ಕೊನೆಯ ದಿಮ್ಮಿಗೆ ಕೊಡಲಿ ಹಾಕುತ್ತಿದ್ದಾಗ, ಅನ್ವಿತಾ ಅಜ್ಜಿಯ ಕೋಣೆಯಿಂದ ಒಂದು ಫೈಲನ್ನು ಎದೆಗೆ ಅವಚಿಕೊಂಡು ಜಗಲಿಗೆ ಬಂದಳು.

ಜಗಲಿಯಲ್ಲಿ ಅಜ್ಜಿ ಕುಸುಮಾವತಿಯವರನ್ನು ಬಾಳೆಯೆಲೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ದೀಪ ಉರಿಯುತ್ತಿತ್ತು. ಅರವತ್ತೆಂಟು ವಯಸ್ಸು, ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದರು. ಹನ್ನೆರಡು ಗಂಟೆಗೆ ಎತ್ತುವುದೆಂದು ನಿಶ್ಚಯವಾಗಿತ್ತು. ಚಿತೆಗೆ ಬೆಂಕಿಯಿಡಬೇಕಾದ ಅಣ್ಣ ಮಂಜಯ್ಯ ಶೆಟ್ಟರು ತಂಗಿಯ ಕಾಲ ಬಳಿ ಕುಳಿತು ಬಾಯೊಳಗೇ ದೇವರ ನಾಮ ಹೇಳುತ್ತಿದ್ದರು.

"ಅಜ್ಜಾ, ಇದನ್ನ್ ಇವತ್ ಎರ್ಡ್ ಗಂಟೆ ಒಳ್ಗೆ ಕುಂದಾಪ್ರ ಆಫೀಸಲ್ ಕೊಡ್ಕ್," ಎಂದಳು ಅನ್ವಿತಾ. "ಬಿ.ಎಡ್. ಮಕ್ಳಿಗೆ ಸಿಕ್ಕು ಸಹಾಯಧನ. ಪೋಷಕರ್ ಎದ್ರಿಗೇ ನಿಂತ್ ಸೈನ್ ಹಾಕ್ಕ್. ಅಜ್ಜಿ ಬತ್ತೆ ಅಂದಿದ್ರ್..."

ತಾಯಿಯಿಲ್ಲದ ಹುಡುಗಿ. ತಂದೆ ಮುಂಬಯಿಯಲ್ಲಿ ಬೇರೆ ಸಂಸಾರ ಹೂಡಿ ಹತ್ತು ವರ್ಷವಾಗಿತ್ತು. ಅರ್ಜಿಯಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ಅಜ್ಜಿಯೇ ದುಂಡಗೆ ತನ್ನ ಹೆಸರು ಬರೆದಿದ್ದರು.

ಬೈಂದೂರಿನಲ್ಲಿ ಹೋಟೆಲು ನಡೆಸುವ ನೆಂಟ ಶೈಲೇಶ್ ಕುರ್ಚಿಯಿಂದ ಎದ್ದ. "ಹೆಣ ಎದ್ರಿಗೆ ಇಟ್ಕಂಡ್ ಎಂತ ಮಾತ್ ಇದ್ ಅನ್ವಿತಾ? ಫೀಸ್ ನಾ ಕೊಡ್ತೆ, ಬಿಡ್."

"ನಿನ್ ಹೋಟ್ಲ್ ಚಾಯಕ್ಕೆ ಸಕ್ರಿ ಹಾಕುಕೇ ಕೈ ಬತ್ತಿಲ್ಲೆ, ಫೀಸ್ ಕೊಡ್ತ್ಯಾ ನೀನ್?" ಎಂದಳು ನೆರೆಮನೆಯ ಮುದುಕಿ ಅಮ್ಮಣ್ಣಿ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕುಸ್ಮಕ್ಕ ಶಾಲಿಯಲ್ ಬಿಸಿಯೂಟ ಮಾಡುವಾಗ ನೀವ್ ಕಾಣ್ಕಿತ್ತ್. ಮಕ್ಳ್ ಮಗ್ಗಿ ತಪ್ಪ್ ಹೇಳ್ರೆ ಸೌಟ್ ಹಿಡ್ಕಂಡೇ ಕಿಟ್ಕಿಗೆ ಬತ್ತಿದ್ರ್. 'ಹ್ವಾಯ್ ಕುಸ್ಮಕ್ಕ, ಪಾಠ ನಾ ಮಾಡ್ತೆ, ನಿಮ್ ಹುಳಿ ಸೀದ್ ಹೋತ್ತ್' ಅಂತಿದ್ರ್ ಮೇಷ್ಟ್ರ್."

ಹೆಂಗಸರು ನಕ್ಕರು. ನಗುತ್ತಲೇ ಒಬ್ಬಳು ಅಳತೊಡಗಿದಳು. ಮಂಜಯ್ಯ ನಗಲಿಲ್ಲ. ಅವರ ಬಾಯಲ್ಲಿ ನಾಮವೂ ನಿಂತುಹೋಗಿತ್ತು.

* * *

ಐವತ್ತು ವರ್ಷದ ಹಿಂದೆ ಕುಸುಮಾವತಿಗೆ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತ್ತು. ಬಡ ಮನೆಯ ಮಕ್ಕಳಿಗೆ ಶಿಷ್ಯವೇತನವಿತ್ತು. ಅದಿಲ್ಲದೆ ಅವಳು ಹೋಗುವಂತಿರಲಿಲ್ಲ. ಗೇಣಿಯ ಗದ್ದೆಗಳೆಲ್ಲ ಒಕ್ಕಲುಗಳಿಗೆ ಸೇರಿ, ದೊಡ್ಡ ಮನೆ ಎಂಬ ಹೆಸರು ಮಾತ್ರ ಉಳಿದಿದ್ದ ಕಾಲ. ಮನೆಯ ಯಜಮಾನಿಕೆ ಮಂಜಯ್ಯನ ಹೆಗಲಿಗೆ ಬಂದು ವರ್ಷವಾಗಿತ್ತಷ್ಟೆ. ಅರ್ಜಿ ಹಿಡಿದು ಆತ ಕುಂದಾಪುರಕ್ಕೆ ಹೋದ.

ಆಫೀಸಿನ ಮುಂದೆ ಸಾಲು ಇತ್ತು. ಸಾಲಿನಲ್ಲಿ ಸುಬ್ಬ ಮಗನೊಂದಿಗೆ ನಿಂತಿದ್ದ. ಹಿಂದಿನ ವರ್ಷದವರೆಗೆ ಮಂಜಯ್ಯನ ಮನೆಗೆ ಗೇಣಿ ಅಳೆದವನು. ಮಂಜಯ್ಯನನ್ನು ಕಂಡವನೇ ತಲೆಯ ಮುಂಡಾಸು ತೆಗೆದು ಪಕ್ಕಕ್ಕೆ ಸರಿದ.

"ಒಡೆಯಾ, ನೀವ್ ಮುಂದ್ ಬನ್ನಿ. ಸಾಹೇಬ್ರನ್ನ್ ಕಾಂಬುಕ್ ಬಂದದ್ದಾ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಮಂಜಯ್ಯ ನಿಲ್ಲುತ್ತಿದ್ದನೇನೋ. "ಹೂಂ, ಸಾಹೇಬ್ರನ್ನ್ ಕಾಂಬುಕೆ," ಎಂದು ಅಲ್ಲಿಂದ ಹೊರಟುಬಿಟ್ಟ. ಬಸ್ಸು ಸೇತುವೆ ದಾಟುವಾಗ ಅರ್ಜಿಯನ್ನು ಹೊಳೆಗೆ ಬಿಟ್ಟ.

ತಂಗಿ ಗದ್ದೆಯ ಅಂಚಿನಲ್ಲೇ ಕಾಯುತ್ತಿದ್ದಳು.

"ಡೇಟ್ ಮುಗ್ದಿತ್ತಂಬ್ರ್," ಎಂದ.

"ನಾಳಿಕ್ ಹೋಯಿ ಕೇಂಡ್ರೆ?"

"ಮುಗೀತ್ ಅಂದ್ರೆ ಮುಗೀತ್."

ಅವಳು ಮತ್ತೆ ಕೇಳಲಿಲ್ಲ. ಮದುವೆಯಾಗಿ, ಗಂಡ ತೀರಿ, ಮಗಳನ್ನು ಕರೆದುಕೊಂಡು ತವರಿಗೆ ಬಂದ ಮೇಲೂ ಕೇಳಲಿಲ್ಲ. ಜೂನ್ ತಿಂಗಳಲ್ಲಿ ಶಾಲೆಯ ಮೊದಲ ಗಂಟೆ ಕೇಳಿಸಿದಾಗ ಮಾತ್ರ, ಮಾಡುವ ಕೆಲಸ ಬಿಟ್ಟು ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು.

* * *

"ಶೈಲೇಶ, ಕಾರ್ ತೆಗಿ," ಎಂದರು ಮಂಜಯ್ಯ, ಏಳುತ್ತಾ. "ಪೋಷಕರ ಸೈನ್ ನಾ ಹಾಕ್ತೆ."

"ಎಂತ ಮರ್ರೆ! ಬೆಂಕಿ ಇಡುವವ್ರೇ ಹೆಣ ಬಿಟ್ ಹೋಪುದಾ? ಊರ್ ಜನ ಎಂತ ಹೇಳುದಿಲ್ಲ? ದುಡ್ಡ್ ನಾ ಕೊಡ್ತೆ ಅಂದಿದೆ ಅಲ್ದಾ?"

"ನೀನ್ ಕೊಟ್ರೆ ನಿನ್ ಉಪಕಾರ ಆತ್ತ್. ಇದ್ ಹಂಗಲ್ಲ, ಮೇಷ್ಟ್ರ್ ಆಪು ಮಕ್ಳಿಗೆ ಅಂದೇಳಿ ಸರ್ಕಾರ ಇಟ್ಟದ್ದ್." ಅವರು ಕಂಬ ಹಿಡಿದುಕೊಂಡರು. ಕಣ್ಣು ತಂಗಿಯ ಮುಖದ ಮೇಲಿತ್ತು. "ಆ ದಿನ ಡೇಟ್ ಮುಗ್ದಿರ್ಲಿಲ್ಲ ಕುಸ್ಮ. ಆ ಸಾಲಲ್ ನಿಂತ್ ನಾವ್ ಬಡವ್ರ್ ಅಂದೇಳುಕೆ ನಂಗ್ ಮರ್ಯಾದಿ ಹೋತ್ತ್ ಅಂದೇಳಿ ಕಂಡಿತ್. ನಿನ್ ಅರ್ಜಿ ನಾ ಹೊಳಿಗೆ ಬಿಟ್ಟೆ. ಕೊಲ್ಲೂರ್ ದೇವಿ ಕಂಡಿದ್ಲ್. ನಿಂಗೆ ಇಷ್ಟ್ ದಿನ ಹೇಳ್ಲಿಲ್ಲ."

ಅಂಗಳದಲ್ಲಿ ಶೀನ ಎತ್ತಿದ ಕೊಡಲಿಯನ್ನು ಮೆಲ್ಲಗೆ ಕೆಳಗಿಳಿಸಿದ.

"ಹೋಯ್ ಬನ್ನಿ," ಎಂದಳು ಅಮ್ಮಣ್ಣಿ ಕೊನೆಗೆ. "ಕುಸ್ಮಕ್ಕನ ಹತ್ರ ನಾ ಕೂಕಂತೆ."

ಕಾರು ಮರವಂತೆ ದಾಟುವಾಗ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಅನ್ವಿತಾ ಕಡಲಿನ ಕಡೆಗೇ ಮುಖ ಮಾಡಿ ಕೂತಿದ್ದಳು.

"ಅಜ್ಜಿಗೆ ಗೊತ್ತಿದ್ದಿತಾ?"

"ಇಲ್ಲೆ ಮಗಾ."

"ನಂಗ್ ಅಜ್ಜಿ ಹೇಳುದ್, 'ನಂದ್ ಡೇಟ್ ತಪ್ಪಿತ್, ನೀ ತಪ್ಸ್ಕಣ್ಬೇಡ' ಅಂದೇಳಿ."

ಮಂಜಯ್ಯ ಶಾಲಿನ ತುದಿಯಿಂದ ಕಣ್ಣು ಮುಚ್ಚಿಕೊಂಡರು.

ಆಫೀಸಿನಲ್ಲಿ ಒಂದೂವರೆಗೆ ಅವರ ಸರದಿ ಬಂತು. ಗುಮಾಸ್ತೆ ಕಾಗದ ತಿರುವಿ, "ಇದರಲ್ಲಿ ಬೇರೆ ಹೆಸರಿದೆಯಲ್ಲ?" ಎಂದಳು.

"ನನ್ ತಂಗಿ. ಇವತ್ ಬೆಳಿಗ್ಗೆ ತೀರ್ಕಂಡ್ಳ್."

ಆಕೆ ತಲೆಯೆತ್ತಿ ಮುದುಕರ ಮುಖ ನೋಡಿದಳು. ದನಿ ತಗ್ಗಿಸಿ, "ಹಾಗಾದರೆ ಆ ಹೆಸರಿಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ನಿಮ್ಮ ಹೆಸರು ಬರೆಯಿರಿ. ವಾರ್ಷಿಕ ಆದಾಯದ ಕೆಳಗೂ ನಿಮ್ಮ ಸಹಿ ಬೇಕು," ಎಂದಳು.

ಆದಾಯದ ಕೆಳಗೆ ಅವರು ಒಂದೇ ಸಲಕ್ಕೆ ಸಹಿ ಹಾಕಿದರು. ಹೆಸರಿನ ಮೇಲೆ ಗೆರೆ ಎಳೆಯುವಾಗ ಕೈ ನಿಂತಿತು. ಹಿಂದಿನವರು ಗೊಣಗಿದರು. ಅಕ್ಷರ ಮುಚ್ಚಿಹೋಗದ ಹಾಗೆ, ಕೂದಲೆಳೆಯಷ್ಟು ತೆಳ್ಳಗೆ ಎಳೆದರು.

ಮೂರೂವರೆಗೆ ಕಾರು ಮನೆಯ ಮುಂದೆ ನಿಂತಿತು. ಜನ ಹೋಗಿರಲಿಲ್ಲ. ಪಡುವಣ ಬಿಸಿಲು ಜಗಲಿ ಹತ್ತಿ ಕುಸುಮಾವತಿಯ ಪಾದದವರೆಗೆ ಬಂದಿತ್ತು. ಅಮ್ಮಣ್ಣಿ ಮೆಟ್ಟಿಲ ಮೇಲೆ ನಿಂತು, ಎರಡೂ ಕೈಯಿಂದ ಕೊಡೆ ಹಿಡಿದು ಆ ಪಾದಗಳಿಗೆ ನೆರಳು ಮಾಡಿದ್ದಳು. ಬಿಸಿಲು ಸರಿದಂತೆ ಅವಳೂ ಕೊಡೆಯನ್ನು ಒಂದು ಗೇಣು ಸರಿಸಿದಳು.