ಒಡೆಯದೆ ಒಳಗನ್ನು ಕಂಡವಳು

ಸುನಂದಾ ಯಾವ ವಸ್ತುವನ್ನೂ ಒಂದೇ ಕಡೆಯಿಂದ ನೋಡಿ ತೃಪ್ತಳಾದವಳಲ್ಲ. ಹಲಸಿನ ಹಣ್ಣಾಗಲಿ, ಹೊಸ ಕಾರಾಗಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗಾಲನ್ನು ತುಸು ಎಳೆದು ಹಾಕುವ ನಿಧಾನ ನಡಿಗೆಯಲ್ಲಿ ಒಂದು ಸುತ್ತು ಬಂದ ಮೇಲೆಯೇ ಅವಳ ಮಾತು. ತನ್ನನ್ನು ನೋಡಲು ಬಂದ ವರನನ್ನೂ ಹಾಗೆಯೇ ಸುತ್ತಿ ನೋಡಿದಳೆಂದು ಅವಳ ತವರೂರು ಕಂದಿಕೆರೆಯಲ್ಲಿ ಇಂದಿಗೂ ನಗುತ್ತಾರೆ. ಸ್ವಭಾವಕ್ಕೆ ತಕ್ಕ ಉದ್ಯೋಗವೇ ದೊರೆಯಿತು: ವಸ್ತುವನ್ನು ತಿರುಗಿಸುತ್ತ ಸುತ್ತಲಿಂದಲೂ ಎಕ್ಸ್‌ರೇ ಹಾಯಿಸಿ, ಆ ನೂರಾರು ನೆರಳುಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಅದರ ಅಂತರಂಗವನ್ನು ಪದರಪದರವಾಗಿ ಕಾಣಿಸುವ ಟೊಮೊಗ್ರಫಿ ಪ್ರಯೋಗಾಲಯ.

ಹುಳಿಯಾರಿನ ಕಡೆ ಅವಳ ಸೋದರತ್ತೆ ಕೆಂಪಕ್ಕನ ತೋಟ. ಸೊಸೆಯಾಗಿ ಬಂದ ವರ್ಷ ಕೆಂಪಕ್ಕ ತನ್ನ ಕೈಯಾರೆ ನೆಟ್ಟಿದ್ದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಅದರ ಸಂತತಿಯಾದರೂ ಉಳಿಯಲೆಂದು ಬಲಿತ ಕಾಯಿಗಳನ್ನು ಆರಿಸಿ ಸುನಂದಾಳ ಬಳಿಗೆ ತಂದಳು. ಸಿಡಿಲಿನ ಕಾವಿಗೆ ಒಳಗಿನ ಮೊಳಕೆ ಉಳಿದಿದೆಯೇ ಎಂದು ನೋಡಲು ಅಲ್ಲಿನ ಹಿರಿಯ ವಿಜ್ಞಾನಿ ರಂಗನಾಥ್ ಒಂದೊಂದನ್ನೇ ಸೀಳಿಸಿದರು. ಎಲ್ಲದರ ಮೊಳಕೆಯೂ ಕಪ್ಪಿಟ್ಟು ಮುರುಟಿತ್ತು. ಉಳಿದದ್ದು ಒಂದೇ ಕಾಯಿ.

"ಇದನ್ನೂ ಸೀಳಿದ್ರೆ ಗೊತ್ತಾಗಿಬಿಡುತ್ತಲ್ಲಮ್ಮ," ಎಂದರು ರಂಗನಾಥ್.

"ಗೊತ್ತಾದ್ಮೇಲೆ ನೆಡೋದೇನು ಸಾರ್?" ಎಂದಳು ಸುನಂದಾ.

ಯಂತ್ರಕ್ಕಿಟ್ಟಳು. ಮೊದಲ ಚಿತ್ರ ಕೆಟ್ಟಿತು. ಕಾಯಿ ತಿರುಗಿದಂತೆಲ್ಲ ಒಳಗಿನ ನೀರು ತುಳುಕಿ ಎಲ್ಲವನ್ನೂ ಮಸುಕಾಗಿಸಿತ್ತು. ರಂಗನಾಥ್ ತಲೆಯಾಡಿಸಿ ಊಟಕ್ಕೆ ಹೊರಟರು. ಸುನಂದಾ ಊಟ ಮರೆತು, ಕಾಯಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ನೀರು ನಿಲ್ಲುವ ತನಕ ಕಾಯುವುದು, ಚಿತ್ರ ತೆಗೆಯುವುದು, ಮತ್ತೆ ತಿರುಗಿಸುವುದು, ಹೀಗೆ ಸಂಜೆಯವರೆಗೂ ಅದೇ ಧ್ಯಾನದಲ್ಲಿದ್ದಳು. ಕೊನೆಗೆ ಪರದೆಯ ಮೇಲೆ, ಕಾಯಿಯ ಮೆದುಗಣ್ಣಿನ ಕೆಳಗೆ, ಅವರೆಕಾಳಿಗಿಂತ ಚಿಕ್ಕ ಮೊಳಕೆಯೊಂದು ಎಲ್ಲೂ ಸುಕ್ಕಿಲ್ಲದೆ ತುಂಬಿಕೊಂಡು ಕುಳಿತಿತ್ತು.

"ಜೀವ ಐತೇನೇ?" ಎಂದಳು ಬೆಂಚಿನಲ್ಲಿ ಕಾದು ಕುಳಿತಿದ್ದ ಕೆಂಪಕ್ಕ.

"ಅದ್ನ ಮಿಷನ್ ಹೇಳಲ್ಲ ಕಣತ್ತೆ. ಮೊಳ್ಕೆ ಮುರುಟಿಲ್ಲ, ಅಷ್ಟು ನಾನು ಹೇಳ್ತೀನಿ. ನೆಟ್ಟು ನೋಡು."

ಕೆಲವು ತಿಂಗಳಿಗೆ ಕಾಯಿ ಚಿಗುರೊಡೆಯಿತು. ಪ್ರಯೋಗಾಲಯಕ್ಕೆ ಯಾರು ಬಂದರೂ ರಂಗನಾಥ್ ಮೊದಲು ತೋರಿಸುವುದು ಆ ಚಿತ್ರವನ್ನೇ. ಕೆಂಪಕ್ಕನಂತೂ ತಿಪಟೂರಿನ ಬಸ್ಸಿನಲ್ಲಿ ಪಕ್ಕ ಕೂತವರನ್ನು ಬಿಡುವುದಿಲ್ಲ: "ನಮ್ಮಣ್ಣನ್ ಮಗ್ಳು ಕಣ್ರೀ! ಕಾಯಿ ಒಡೀದಂಗೇ ಒಳಗೆಲ್ಲ ನೋಡ್ಬುಟ್ಳು."

ತಿಳಿಯುವ ಆತುರದಲ್ಲಿ ನಾವು ಎಷ್ಟೋ ಸಲ ತಿಳಿಯಬೇಕಾದದ್ದನ್ನೇ ಕಳೆದುಕೊಳ್ಳುತ್ತೇವೆ. ಕುತೂಹಲಕ್ಕೆ ಕರುಣೆಯೂ ತಾಳ್ಮೆಯೂ ಕೂಡಿಬಂದ ಜನ ವಿರಳ. ಅಂಥವರು ಕಂಡ ಮೇಲೂ ಲೋಕ ಇಡಿಯಾಗಿಯೇ ಉಳಿದಿರುತ್ತದೆ.