ಉಣ್ಣುವವರ ಎದುರು

ಹರಿದ ಅಂಗಿಯ ಮಕ್ಕಳನ್ನೆಲ್ಲ ಆರಿಸಿ ಆರಿಸಿ ಪಂಚಾಯಿತಿ ಚೇರ್ಮನ್ ಚನ್ನವೀರಪ್ಪ ತನ್ನ ಹತ್ತಿಯ ಕೋಣೆಗೆ ನೂಕಿ ಚಿಲಕ ಹಾಕಿಸಿದ. ಅವರಲ್ಲಿ ಶಾರವ್ವನ ಮಗಳು ಗುತ್ತೆವ್ವನೂ ಇದ್ದಳು. ತಾಟು ಹಿಡಿದುಕೊಂಡೇ ಒಳಗೆ ಹೋದಳು. ಪರದೇಶದ ಸಾಹೇಬರ ಕಣ್ಣಿಗೆ ಊರಿನ ಬಡತನ ಬೀಳಬಾರದಂತೆ. ಥೂ, ಇವನ ಮರ್ಯಾದೆಗೆ ಬೆಂಕಿ ಹಾಕ!

ಅದು ಎಪ್ಪತ್ತೆಂಟನೆಯ ಇಸವಿ. ಹತ್ತಿಮತ್ತೂರಿನ ಶಾಲೆಯಲ್ಲಿ ಮಧ್ಯಾಹ್ನದ ಉಪ್ಪಿಟ್ಟು ಮಾಡುವವಳು ಶಾರವ್ವ. ಗೋಧಿ ನುಚ್ಚು, ಎಣ್ಣೆ ಎಲ್ಲ ಆ ಸಾಹೇಬರ ದೇಶದಿಂದಲೇ ಬರುತ್ತಿದ್ದವು. ಎಣ್ಣೆಯ ಡಬ್ಬಿಗಳು ಚನ್ನವೀರಪ್ಪನ ಅಟ್ಟ ಸೇರಿದರೂ ನುಚ್ಚಾದರೂ ಮಕ್ಕಳ ಬಾಯಿಗೆ ಬೀಳುತ್ತಿತ್ತು. ಗುತ್ತೆವ್ವನಿಗೆ ಹಗಲಿನ ಊಟವೆಂದರೆ ಅದೊಂದೇ. ಈಗ ಆ ದೇಶದಲ್ಲಿ, ಕಂಡವರ ಮಕ್ಕಳಿಗೆ ನಾವೇಕೆ ಇಷ್ಟು ಕೊಡಬೇಕು ಎಂದು ಜನ ತಕರಾರು ತೆಗೆದಿದ್ದರು. ಹೆಚ್ಚಿಸಬೇಕೋ ಕಡಿಮೆ ಮಾಡಬೇಕೋ ನೋಡಿ ಹೇಳಲು ಸಾಹೇಬರು ಬಂದಿದ್ದರು.

ನೋಡಿದ್ದೇನು? ಎರವಲು ಅಂಗಿ ತೊಟ್ಟ ಮಕ್ಕಳು, ಬಾಳೆ ಎಲೆ, ಹೋಳಿಗೆ, ಮೇಲೆ ತುಪ್ಪ. ಹೋಳಿಗೆ ಬೇಯಿಸಿದವಳೂ ಶಾರವ್ವನೇ, ಚೇರ್ಮನ್ನನ ಹೆಂಡತಿಯ ಸೀರೆ ಉಟ್ಟು.

ಬಾಯಲ್ಲಿ ತುತ್ತಿಟ್ಟುಕೊಂಡೇ ಸಾಹೇಬರು ಅವಳನ್ನು ಏನೋ ಕೇಳಿದರು. ನುಚ್ಚು ಬರದಿದ್ದರೆ ಮಕ್ಕಳು ಉಪವಾಸ ಬೀಳುತ್ತಾರೆಯೇ ಎನ್ನುತ್ತಿದ್ದಾರೆಂದು ಜೊತೆಗಿದ್ದ ದುಭಾಷಿ ತಿಳಿಸಿದ. ಹೌದೆನ್ನುವ ಮಾತು ಶಾರವ್ವನ ನಾಲಿಗೆಯ ತುದಿಗೆ ಬಂತು. ಆದರೆ ಎಲೆಯ ಮುಂದೆ ಕುಳಿತವರ ಎದುರು ಹಸಿವಿನ ಮಾತಾಡಬಾರದು, ಉಂಡದ್ದು ಅವರ ಮೈಗೆ ಹತ್ತುವುದಿಲ್ಲ ಎಂದು ಅವಳ ಅವ್ವ ಕಲಿಸಿದ್ದಳು. ಕೈ ತೊಳೆಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಶಾರವ್ವ ಇನ್ನೊಂದು ಹೋಳಿಗೆ ಬಡಿಸಿದಳು.

"ನಮ್ಮೂರಾಗ ಯಾರೂ ಉಪಾಸ ಮಲಗಂಗಿಲ್ರಿ," ಎಂದು ಚನ್ನವೀರಪ್ಪ ಹಲ್ಲು ಕಿಸಿದ. ದುಭಾಷಿ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದ.

ಕೈ ತೊಳೆದವರಿಗೆ ಟವೆಲ್ಲು, ಅದರ ಹಿಂದೆಯೇ ಹಾರ. ಶಾರವ್ವ ಕೈಯ ಹಿಟ್ಟು ಕೊಡವಿಕೊಂಡು ಓಡಿಬರುವಷ್ಟರಲ್ಲಿ ಜೀಪು ಹೊರಟಿತ್ತು. ಸಾಹೇಬರು ಅವಳತ್ತ ನಗುತ್ತ ಕೈ ಬೀಸಿದರು.

ದೀಪಾವಳಿ ಕಳೆದು ಶಾಲೆ ತೆರೆದಾಗ ನುಚ್ಚಿನ ಲಾರಿ ಬರಲಿಲ್ಲ. ಇನ್ನು ಬರುವುದೂ ಇಲ್ಲ ಎಂದರು ಹೆಡ್ ಮಾಸ್ತರರು. ಈ ಊರು ಉಂಡುಟ್ಟು ಸುಖವಾಗಿದೆ ಎಂದು ಸಾಹೇಬರು ಹೇಳಿದ್ದರಂತೆ. ಚನ್ನವೀರಪ್ಪ ಮಾತ್ರ ಅವರ ಜೊತೆ ತೆಗೆಸಿಕೊಂಡ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದ.

ಗಂಟೆ ಹೊಡೆದಾಗ ಮಕ್ಕಳು ರೂಢಿಯಂತೆ ಸಾಲಾಗಿ ಕುಳಿತರು. ಒಲೆ ಹೊತ್ತಿರಲಿಲ್ಲ. ಗುತ್ತೆವ್ವ ತಾಟು ಹಿಡಿದು ಅವ್ವನ ಹತ್ತಿರ ಬಂದಳು.

"ಅವ್ವಾ, ಆ ಸಾಹೇಬ್ರು ಅವತ್ತ ಹೊಟ್ಟಿತುಂಬ ಉಂಡ್ರೇನ?"

"ಉಂಡ್ರು," ಎಂದಳು ಶಾರವ್ವ. ಮಗಳ ಕೈಯಿಂದ ಒಣ ತಾಟನ್ನು ಇಸಿದುಕೊಂಡು ಸೆರಗಿನಿಂದ ಒರೆಸತೊಡಗಿದಳು.